ಕೆಂದಾಳಿ, ಗಂಗಬೊಂಡಂ, ನಾಟಿ: ತಳಿ ಬದಲಾದರೆ ಎಳನೀರಿನ ಸತ್ವವೂ ಬದಲಾಗುತ್ತದೆಯೇ?

ಪ್ರಶ್ನೆ: ನಮ್ಮ ಬಡಾವಣೆಯ ಎಳನೀರಿನ ಗಾಡಿಯಲ್ಲಿ ಈಗ ಮೂರು ಬಗೆಯ ಕಾಯಿಗಳು ಸಿಗುತ್ತಿವೆ: ಮದ್ದೂರು ಕಡೆಯಿಂದ ಬರುವ ಹಸಿರು ನಾಟಿ ಕಾಯಿ, ಉದ್ದನೆಯ ಗಂಗಬೊಂಡಂ ಮತ್ತು ಕಿತ್ತಳೆ ಬಣ್ಣದ ಕೆಂದಾಳಿ. ಕೆಂದಾಳಿಗೆ ಬೆಲೆ ಹೆಚ್ಚು. ಅದರಲ್ಲಿ ಸತ್ವವೂ ಔಷಧಿ ಗುಣವೂ ಹೆಚ್ಚು ಎಂದು ಗಾಡಿಯವರು ಹೇಳುತ್ತಾರೆ. ಸಿಂಗಪುರದಲ್ಲಿರುವ ಮಗಳು ಥಾಯ್ಲೆಂಡಿನ ಕಾಯಿಯೇ ಎಲ್ಲಕ್ಕಿಂತ ಮೇಲು ಎನ್ನುತ್ತಾಳೆ. ನನ್ನ ಪತ್ನಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಸಾದ ತಂದೆಯವರು ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಬೇಸಿಗೆಯಲ್ಲಿ ದಿನಕ್ಕೆ ಎರಡು ಎಳನೀರು ಕುಡಿಯುತ್ತಾರೆ. ತಳಿಯಿಂದ ತಳಿಗೆ ಪೋಷಕಾಂಶಗಳಲ್ಲಿ ನಿಜವಾದ ವ್ಯತ್ಯಾಸ ಇದೆಯೇ? ನಾವು ಯಾವುದನ್ನು ಆರಿಸಬೇಕು?

ಉತ್ತರ: ವ್ಯತ್ಯಾಸ ಇದೆ. ಆದರೆ ಅದು ಹೆಚ್ಚಾಗಿ ಕಾಣಿಸುವುದು ಸಕ್ಕರೆಯ ಅಂಶದಲ್ಲಿ, ನೀರಿನ ಪ್ರಮಾಣದಲ್ಲಿ ಮತ್ತು ರುಚಿಯಲ್ಲಿ. ಔಷಧಿ ಗುಣವೆಂದು ಗಾಡಿಯವರು ಸೂಚಿಸುವ ಖನಿಜಾಂಶಗಳ ವಿಷಯದಲ್ಲಿ ತಳಿಗಳ ನಡುವಿನ ಅಂತರ ಚಿಕ್ಕದು. ಒಂದೇ ಮರದ ಎರಡು ಗೊನೆಗಳ ನಡುವೆ, ಒಂದು ಆರು ತಿಂಗಳದ್ದು ಮತ್ತೊಂದು ಒಂಬತ್ತು ತಿಂಗಳದ್ದು ಎಂದಾದರೆ, ಸಿಗುವ ಅಂತರವು ಎರಡು ತಳಿಗಳ ನಡುವೆ ಸಿಗುವ ಅಂತರಕ್ಕಿಂತ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ. ಆದ್ದರಿಂದ ಕಾಯಿ ಯಾವ ತಳಿಯದು ಎಂದು ಕೇಳುವ ಮೊದಲು ಅದು ಎಷ್ಟು ತಿಂಗಳದ್ದು ಎಂದು ಕೇಳುವುದು ಹೆಚ್ಚು ಉಪಯುಕ್ತ. ನಿಮ್ಮ ತಂದೆಯವರ ವಿಷಯ ಇವೆಲ್ಲಕ್ಕಿಂತ ಮುಖ್ಯವಾದದ್ದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ದಯವಿಟ್ಟು ಅಲ್ಲಿಯವರೆಗೆ ಓದಿ.

ಮೊದಲು ಎಳನೀರಿನಲ್ಲಿ ಏನಿದೆ ಎಂಬುದನ್ನು ನೋಡೋಣ. ನೂರು ಪಾಲಿನಲ್ಲಿ ಸುಮಾರು 94–95 ಪಾಲು ನೀರೇ. ಉಳಿದದ್ದರಲ್ಲಿ ಹೆಚ್ಚಿನದು ಸಕ್ಕರೆ, ಅಂದರೆ ಗ್ಲೂಕೋಸ್, ಫ್ರಕ್ಟೋಸ್ ಮತ್ತು ಸ್ವಲ್ಪ ಸುಕ್ರೋಸ್. ನಂತರ ಬರುವುದು ಖನಿಜಗಳು. ಪ್ರೋಟೀನು ಮತ್ತು ಕೊಬ್ಬು ಎಳೆಗಾಯಿಯ ನೀರಿನಲ್ಲಿ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಖನಿಜಗಳಲ್ಲಿ ಪೊಟ್ಯಾಸಿಯಂನದೇ ಸಿಂಹಪಾಲು: 100 ಮಿ.ಲೀ. ನೀರಿನಲ್ಲಿ ಸಾಮಾನ್ಯವಾಗಿ 200ರಿಂದ 290 ಮಿ.ಗ್ರಾಂ. ಕ್ಯಾಲ್ಸಿಯಂ, ಮೆಗ್ನೀಸಿಯಂ, ರಂಜಕಗಳು ಇವೆ, ಆದರೆ ಹತ್ತಿಪ್ಪತ್ತು ಮಿ.ಗ್ರಾಂಗಳಿಂದ ನಲವತ್ತು ಮಿ.ಗ್ರಾಂಗಳ ಮಟ್ಟದಲ್ಲಿ. ವಿಟಮಿನ್ ಸಿ 100 ಮಿ.ಲೀ.ಗೆ ಎರಡೂವರೆ ಮಿ.ಗ್ರಾಂ ಆಸುಪಾಸು ಇರುತ್ತದೆ. ವಯಸ್ಕ ಗಂಡಸರಿಗೆ ದಿನಕ್ಕೆ 80 ಮಿ.ಗ್ರಾಂ ಬೇಕೆಂದು ನಮ್ಮ ದೇಶದ ಶಿಫಾರಸು ಹೇಳುವುದರಿಂದ, ಇಡೀ ಎಳನೀರು ಕುಡಿದರೂ ಹತ್ತನೆಯ ಒಂದು ಭಾಗ ತುಂಬುವುದು ಕಷ್ಟ. ಆ ಕೆಲಸಕ್ಕೆ ಸೀಬೆಹಣ್ಣು ಅಥವಾ ನೆಲ್ಲಿಕಾಯಿ ಬೇಕು. ಎಳನೀರಿನ ಪೋಷಕಾಂಶ ಎಂದರೆ ಮುಖ್ಯವಾಗಿ ಎರಡೇ ಸಂಗತಿ, ಪೊಟ್ಯಾಸಿಯಂ ಮತ್ತು ಸಕ್ಕರೆ. ತಳಿಗಳನ್ನು ಹೋಲಿಸುವಾಗಲೂ ಈ ಎರಡನ್ನೇ ಹಿಡಿದು ನೋಡಬೇಕು.

ಈ ನೀರು ಕಾಯಿಯೊಳಗೆ ಏಕೆ ಇರುತ್ತದೆ ಎಂಬುದು ತಿಳಿದರೆ ವಯಸ್ಸಿನ ಮಾತು ಸ್ಪಷ್ಟವಾಗುತ್ತದೆ. ಎಳನೀರು ಬೇರಿನಿಂದ ಏರಿ ಬಂದು ಸುಮ್ಮನೆ ಶೇಖರವಾದ ನೀರಲ್ಲ. ಅದು ಬೀಜದ ಆಹಾರ ಭಂಡಾರದ ದ್ರವರೂಪ. ಮುಂದೆ ಮೊಳಕೆಗೆ ಬೇಕಾಗುವ ತಿರುಳು ಇದೇ ದ್ರವದಿಂದ ಕ್ರಮೇಣ ರೂಪುಗೊಂಡು ಕರಟದ ಒಳಗೋಡೆಗೆ ಹತ್ತಿಕೊಳ್ಳುತ್ತದೆ. ಹೊಂಬಾಳೆ ಅರಳಿ ಕಾಯಿ ಕಚ್ಚಿದ ಮೇಲೆ ಪೂರ್ಣ ಬಲಿಯಲು 11–12 ತಿಂಗಳು ಬೇಕು. ಐದನೆಯ ತಿಂಗಳ ಹೊತ್ತಿಗೆ ಒಳಗಿನ ಟೊಳ್ಳು ನೀರಿನಿಂದ ಬಿಗಿಯಾಗಿ ತುಂಬಿರುತ್ತದೆ, ಆದರೆ ರುಚಿ ಸಪ್ಪೆ, ತುಸು ಒಗರು. ಆರನೆಯ ತಿಂಗಳ ಸುಮಾರಿಗೆ ತೊಟ್ಟಿನ ಎದುರು ತುದಿಯಲ್ಲಿ ಲೋಳೆಯಂತಹ ತೆಳು ಗಂಜಿ ಕಾಣಿಸಿಕೊಳ್ಳುತ್ತದೆ, ಅಲ್ಲಿಂದ ಅದು ತೊಟ್ಟಿನ ಕಡೆಗೆ ಹರಡುತ್ತಾ ಬರುತ್ತದೆ. ಏಳನೆಯ ತಿಂಗಳಿಗೆ ಸಕ್ಕರೆ ಬಹುತೇಕ ತಳಿಗಳಲ್ಲಿ ತನ್ನ ತುದಿ ಮುಟ್ಟುತ್ತದೆ. ನೀರಿನ ಪ್ರಮಾಣವೂ ಏಳು-ಎಂಟನೆಯ ತಿಂಗಳಲ್ಲಿ ಗರಿಷ್ಠವಾಗಿರುತ್ತದೆ. ಅನಂತರ ಗಂಜಿ ಗಟ್ಟಿಯಾಗುತ್ತಾ ಹೋದಂತೆ ಸಕ್ಕರೆ ಇಳಿಯುತ್ತದೆ, ನೀರು ತಗ್ಗುತ್ತದೆ, ಒಳಗೆ ಗಾಳಿಗೆ ಜಾಗವಾಗುತ್ತದೆ. ಅರೆಬಲಿತ ಕಾಯಿಯಾದ ಬನ್ನಂಗಾಯಿಯನ್ನು ಅಲ್ಲಾಡಿಸಿದಾಗ ಕುಲುಕುಲು ಸದ್ದು ಬರುವುದು, ಎಳೆಗಾಯಿಯಲ್ಲಿ ಬಾರದಿರುವುದು ಇದೇ ಕಾರಣಕ್ಕೆ.

ಅಂಕಿಗಳಲ್ಲಿ ನೋಡಿದರೆ ಈ ಬದಲಾವಣೆ ಇನ್ನಷ್ಟು ಸ್ಪಷ್ಟ. ತೆಂಗು ಅಭಿವೃದ್ಧಿ ಮಂಡಳಿ ಬಹುಕಾಲದಿಂದ ಪ್ರಕಟಿಸುತ್ತಾ ಬಂದಿರುವ ಪಟ್ಟಿಯಲ್ಲಿ ಎಳೆಗಾಯಿಯ ನೀರಿನ ಗ್ಲೂಕೋಸ್-ಫ್ರಕ್ಟೋಸ್ ಮಾದರಿಯ ಸಕ್ಕರೆ ಶೇ. 4.4 ಇದ್ದರೆ, ಬಲಿತ ಕಾಯಿಯ ನೀರಿನಲ್ಲಿ ಅದು ಶೇ. 0.2 ಮಾತ್ರ. ಬಲಿತ ಕಾಯಿಯಲ್ಲಿ ಉಳಿಯುವ ಸಿಹಿ ಬಹುಪಾಲು ಸುಕ್ರೋಸಿನದು. ಒಟ್ಟು ಸಕ್ಕರೆ ಏಳನೆಯ ತಿಂಗಳಿನಲ್ಲಿ ಶೇ. 5ರ ಆಸುಪಾಸು ಇದ್ದದ್ದು ಪೂರ್ತಿ ಬಲಿತಾಗ ಶೇ. 2ರ ಸುಮಾರಿಗೆ ಇಳಿದಿರುತ್ತದೆ. ಅದೇ ಪಟ್ಟಿಯಲ್ಲಿ ಪೊಟ್ಯಾಸಿಯಂ ಎಳೆಗಾಯಿಯ 100 ಮಿ.ಲೀ. ನೀರಿನಲ್ಲಿ 290 ಮಿ.ಗ್ರಾಂ, ಬಲಿತ ಕಾಯಿಯಲ್ಲಿ 247 ಮಿ.ಗ್ರಾಂ. ಪೊಟ್ಯಾಸಿಯಂ ಇಡೀ ವರ್ಷದಲ್ಲಿ ಅಷ್ಟಾಗಿ ಕದಲುವುದಿಲ್ಲ, ಸಕ್ಕರೆ ಮಾತ್ರ ಭಾರಿ ಏರಿಳಿತ ಕಾಣುತ್ತದೆ. ಹೀಗಿರುವಾಗ ಒಂದು ತಳಿಯ ಆರು ತಿಂಗಳ ಕಾಯಿಯನ್ನು ಇನ್ನೊಂದು ತಳಿಯ ಒಂಬತ್ತು ತಿಂಗಳ ಕಾಯಿಗೆ ಹೋಲಿಸಿ ಮೊದಲಿನದು ಸಿಹಿ, ಎರಡನೆಯದು ಸಪ್ಪೆ ಎಂದು ತೀರ್ಮಾನಿಸಿದರೆ ನಾವು ಅಳೆದದ್ದು ವಯಸ್ಸನ್ನೇ ಹೊರತು ತಳಿಯನ್ನಲ್ಲ. ಗಾಡಿಯ ಮುಂದೆ ನಿಂತು ರುಚಿ ನೋಡಿ ಬರುವ ಬಹಳಷ್ಟು ಅಭಿಪ್ರಾಯಗಳ ಹಿಂದೆ ಈ ಗೊಂದಲವೇ ಇದೆ.

ವಯಸ್ಸನ್ನು ಸಮನಾಗಿಟ್ಟು ಹೋಲಿಸಿದಾಗ ತಳಿಗಳ ಗುಣ ತಿಳಿಯುತ್ತದೆ. ತೆಂಗಿನಲ್ಲಿ ಸ್ಥೂಲವಾಗಿ ಎರಡು ಗುಂಪು: ಎತ್ತರದ ತಳಿಗಳು ಮತ್ತು ಗಿಡ್ಡ ತಳಿಗಳು. ನಮ್ಮ ತುಮಕೂರು, ಹಾಸನ, ಮಂಡ್ಯ, ಚಿತ್ರದುರ್ಗ ಜಿಲ್ಲೆಗಳ ತೋಟಗಳಲ್ಲಿ ತಲೆಮಾರುಗಳಿಂದ ನಿಂತಿರುವುದು ತಿಪಟೂರು ಟಾಲ್ ಎಂದು ಕರೆಯುವ ಎತ್ತರದ ತಳಿ. ಕರಾವಳಿಯಲ್ಲಿ ಪಶ್ಚಿಮ ಕರಾವಳಿ ಎತ್ತರದ ತಳಿ ಹೆಚ್ಚು. ಇವುಗಳನ್ನು ನಮ್ಮ ಹಿರಿಯರು ಆರಿಸಿ ಬೆಳೆಸಿದ್ದು ಕಾಯಿ, ಕೊಬ್ಬರಿ, ಎಣ್ಣೆಗಾಗಿ. ತಿಪಟೂರಿನ ಉಂಡೆ ಕೊಬ್ಬರಿಗೆ ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಒಳಗಿನ ನೀರು ಪೂರ್ತಿ ಇಂಗುವಂತೆ ಮಾಡುತ್ತಾರೆ. ಅಂತಹ ಬಳಕೆಗೆ ನೀರಿನ ಸಿಹಿ ಮುಖ್ಯವಾಗಿರಲಿಲ್ಲ, ತಿರುಳಿನ ದಪ್ಪ ಮುಖ್ಯವಾಗಿತ್ತು. ಆದರೂ ಇದೇ ಮರಗಳ ಎಳೆಗಾಯಿಯೇ ಮದ್ದೂರಿನ ದೊಡ್ಡ ಎಳನೀರು ಮಾರುಕಟ್ಟೆಯ ಮೂಲಕ ಹೊರರಾಜ್ಯಗಳಿಗೂ ಹೋಗುತ್ತದೆ, ಮತ್ತು ಸರಿಯಾದ ವಯಸ್ಸಿನಲ್ಲಿ ಇಳಿಸಿದ್ದಾದರೆ ಅದರ ನೀರಿನಲ್ಲಿ ಯಾವ ಕೊರತೆಯೂ ಇಲ್ಲ. ಗಿಡ್ಡ ತಳಿಗಳಾದರೋ ಮೂರು-ನಾಲ್ಕು ವರ್ಷಕ್ಕೇ ಹೊಂಬಾಳೆ ಬಿಡುತ್ತವೆ, ಕಾಯಿ ಚಿಕ್ಕದು, ತಿರುಳು ತೆಳು, ನೀರು ಸಾಮಾನ್ಯವಾಗಿ ಹೆಚ್ಚು ಸಿಹಿ.

ಇಲ್ಲಿ ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಎತ್ತರದ ತಳಿಗಳಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುತ್ತದೆ. ಆದ್ದರಿಂದ ಒಂದೇ ತೋಟದ ಅಕ್ಕಪಕ್ಕದ ಎರಡು ಮರಗಳ ನೀರಿನ ಸಿಹಿಯೂ ಬೇರೆ ಬೇರೆ ಇರಬಹುದು. ಬಹುತೇಕ ಗಿಡ್ಡ ತಳಿಗಳಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚು. ಹಾಗಾಗಿ ಮರದಿಂದ ಮರಕ್ಕೆ ರುಚಿ ಹೆಚ್ಚು ಬದಲಾಗುವುದಿಲ್ಲ. ಕೆಂದಾಳಿ ಸದಾ ಸಿಹಿಯಾಗಿರುತ್ತದೆ, ನಾಟಿ ಕಾಯಿ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ ಎಂಬ ಗ್ರಾಹಕರ ಅನುಭವಕ್ಕೆ ಇದು ವೈಜ್ಞಾನಿಕ ಆಧಾರ. ನಾಟಿ ಎಂಬುದು ನಿಜಕ್ಕೂ ಒಂದು ತಳಿಯ ಹೆಸರಲ್ಲ, ಸಾವಿರಾರು ಬೇರೆ ಬೇರೆ ಮರಗಳ ಕಾಯಿಗಳಿಗೆ ಮಾರುಕಟ್ಟೆ ಕೊಟ್ಟ ಒಂದೇ ಹೆಸರು. ಅದರ ಪೋಷಕಾಂಶ ಇಂತಿಷ್ಟೇ ಎಂದು ಒಂದೇ ಅಂಕಿಯಲ್ಲಿ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ಕೆಂದಾಳಿಯ ವಿಷಯ. ಕಿತ್ತಳೆ ಬಣ್ಣದ ಗಿಡ್ಡ ತಳಿಗಳಲ್ಲಿ ನಮ್ಮ ಕಡೆ ಹೆಚ್ಚು ಪರಿಚಿತವಾದದ್ದು ಚಾವಕ್ಕಾಡ್ ಕಿತ್ತಳೆ ಗಿಡ್ಡ ತಳಿ. ಕೇರಳದ ಚಾವಕ್ಕಾಡ್ ಪ್ರದೇಶದ ಈ ತಳಿಯನ್ನು ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ 1991ರಲ್ಲಿ ಎಳನೀರಿಗೆಂದೇ ಬಿಡುಗಡೆ ಮಾಡಿತು. ಸಂಸ್ಥೆ ಕೊಡುವ ಅಂಕಿಗಳ ಪ್ರಕಾರ ಏಳು ತಿಂಗಳ ಒಂದು ಕಾಯಿಯಲ್ಲಿ ಸುಮಾರು 350 ಮಿ.ಲೀ. ನೀರು, 100 ಮಿ.ಲೀ.ಗೆ ಸುಮಾರು 7 ಗ್ರಾಂ ಸಕ್ಕರೆ, ಸುಮಾರು 200 ಮಿ.ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಈ ಅಂಕಿಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಸಕ್ಕರೆಯಲ್ಲಿ ಇದು ಸಾಧಾರಣ ಎಳನೀರಿಗಿಂತ ಮೇಲಿದೆ, ಪೊಟ್ಯಾಸಿಯಂನಲ್ಲಿ ಮೇಲಿಲ್ಲ. ಅಂದರೆ ಗಾಡಿಯವರು ಸತ್ವವೆಂದು ಹೆಚ್ಚು ಬೆಲೆಗೆ ಮಾರುತ್ತಿರುವುದು ನಾಲಿಗೆಗೆ ತಿಳಿಯುವ ಸಿಹಿಯನ್ನು. ಸಿಹಿಗೆ ಹೆಚ್ಚು ಬೆಲೆ ಕೊಡುವುದು ತಪ್ಪಲ್ಲ, ಅದು ನಿಜಕ್ಕೂ ರುಚಿಯಾದ ನೀರು. ಅದನ್ನು ಔಷಧಿ ಎಂದು ಕೊಳ್ಳುವುದು ಬೇಡ.

ಬಣ್ಣದ ಬಗ್ಗೆಯೂ ಒಂದು ಮಾತು. ಕಾಯಿಯ ಹೊರಸಿಪ್ಪೆಗೆ ಕಿತ್ತಳೆ ಬಣ್ಣ ಕೊಡುವುದು ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳು. ಕ್ಯಾರೆಟ್ಟಿನಲ್ಲೂ ಮಾಗಿದ ಪಪ್ಪಾಯದಲ್ಲೂ ಇರುವ ಇದೇ ಗುಂಪಿನ ವಸ್ತುಗಳಿಂದ ನಮ್ಮ ದೇಹ ವಿಟಮಿನ್ ಎ ತಯಾರಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಇವು ನೀರಿನಲ್ಲಿ ಕರಗುವ ವಸ್ತುಗಳಲ್ಲ, ಕರಟದ ಒಳಗಿನ ನೀರಿಗೆ ಇಳಿಯುವುದೂ ಇಲ್ಲ. ಕೆಂದಾಳಿಯ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಪಕ್ಕದಲ್ಲಿ ಹಸಿರು ಕಾಯಿಯ ನೀರನ್ನೂ ಇಟ್ಟು ನೋಡಿದರೆ ಎರಡೂ ಒಂದೇ ರೀತಿ ತಿಳಿಯಾಗಿ ಕಾಣುತ್ತವೆ. ಕರಾವಳಿಯಲ್ಲಿ ನಾಗರಪಂಚಮಿಯಂದು ಅಭಿಷೇಕಕ್ಕೆ ಕೆಂದಾಳಿ ಸೀಯಾಳವನ್ನೇ ಹುಡುಕಿ ತರುವ, ಜ್ವರದಿಂದ ಚೇತರಿಸಿಕೊಳ್ಳುವವರಿಗೆ ಅದನ್ನೇ ಕೊಡುವ ರೂಢಿ ಇದೆ. ಆ ಗೌರವವನ್ನು ನಾನು ಅಲ್ಲಗಳೆಯುವುದಿಲ್ಲ. ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ ಸಿಹಿಯಾದ, ಹೊಟ್ಟೆಗೆ ಹಗುರವಾದ ನೀರು ಹಿತವಾಗಿರುವುದೂ ಸಹಜವೇ. ಆದರೆ ಆ ಹಿತಕ್ಕೆ ಸಿಪ್ಪೆಯ ಬಣ್ಣ ಕಾರಣವಲ್ಲ.

ಗಂಗಬೊಂಡಂ ಆಂಧ್ರದ ಗೋದಾವರಿ ಜಿಲ್ಲೆಗಳ ಹಸಿರು ತಳಿ. ಅದರ ಉದ್ದನೆಯ, ಪಪ್ಪಾಯವನ್ನು ಹೋಲುವ ಕಾಯಿಯಿಂದ ಸುಲಭವಾಗಿ ಗುರುತು ಸಿಗುತ್ತದೆ. ಎಳನೀರಿಗೆ ಒಳ್ಳೆಯ ತಳಿ. ಮಲಯನ್ ಹಳದಿ ಮತ್ತು ಕಿತ್ತಳೆ ಗಿಡ್ಡ ತಳಿಗಳೂ, ಗಿಡ್ಡ-ಎತ್ತರದ ತಳಿಗಳನ್ನು ಕೂಡಿಸಿ ಮಾಡಿದ ಚಂದ್ರಸಂಕರ, ಕೇರಸಂಕರದಂತಹ ಸಂಕರ ತಳಿಗಳೂ ಮಾರುಕಟ್ಟೆಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ಪೋಷಕಾಂಶದ ದೃಷ್ಟಿಯಿಂದ ಇವನ್ನೆಲ್ಲ ಒಂದೊಂದಾಗಿ ವರ್ಣಿಸುವ ಅಗತ್ಯವಿಲ್ಲ. ಸಕ್ಕರೆ ಒಂದೆರಡು ಗ್ರಾಂ ಆಚೀಚೆ, ಪೊಟ್ಯಾಸಿಯಂ ಹತ್ತಾರು ಮಿ.ಗ್ರಾಂ ಆಚೀಚೆ ಆಗುತ್ತದೆ, ಅಷ್ಟೇ. ಒಂದು ತಳಿಯಲ್ಲಿ 200, ಇನ್ನೊಂದರಲ್ಲಿ 250 ಮಿ.ಗ್ರಾಂ ಪೊಟ್ಯಾಸಿಯಂ ಇದೆ ಎಂದಿಟ್ಟುಕೊಂಡರೂ, 300 ಮಿ.ಲೀ. ಕುಡಿದಾಗ ಸಿಗುವ ಹೆಚ್ಚುವರಿ 150 ಮಿ.ಗ್ರಾಂ ಮಾತ್ರ. 100 ಗ್ರಾಂ ಬಾಳೆಹಣ್ಣಿನಲ್ಲಿ 350 ಮಿ.ಗ್ರಾಂಗಿಂತ ಹೆಚ್ಚು ಪೊಟ್ಯಾಸಿಯಂ ಇದೆ. ದಿನಕ್ಕೆ ಸುಮಾರು 3,500 ಮಿ.ಗ್ರಾಂ ಬೇಕಾಗುವ ಆರೋಗ್ಯವಂತರಿಗೆ ತಳಿಯ ಕಾರಣದಿಂದ ಬರುವ ಈ ಅಂತರ ಊಟದ ತಟ್ಟೆಯಲ್ಲಿ ಸೊಪ್ಪು, ಬೇಳೆ ಒಂದು ಸೌಟು ಹೆಚ್ಚಾದರೆ ಮುಚ್ಚಿಹೋಗುತ್ತದೆ.

ತಳಿಯ ಜೊತೆಗೆ ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೆಂಗು ಪೊಟ್ಯಾಷ್ ಅನ್ನು ಬಹಳವಾಗಿ ಬೇಡುವ ಬೆಳೆ. ಫಸಲು ಬಿಡುವ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ ಕೊಡಬೇಕೆನ್ನುವ ಶಿಫಾರಸಿನಲ್ಲಿ ಪೊಟ್ಯಾಷ್‌ನ ಪಾಲು 1,200 ಗ್ರಾಂ. ಮರ ಹೀರಿಕೊಂಡ ಪೊಟ್ಯಾಷ್‌ನ ದೊಡ್ಡ ಭಾಗ ಮಟ್ಟೆಗೂ ನೀರಿಗೂ ಹೋಗುತ್ತದೆ. ತೆಂಗಿನ ಮಟ್ಟೆಯನ್ನು ಪಾತಿಯಲ್ಲಿ ಹೂಳುವ ನಮ್ಮ ರೈತರ ಪದ್ಧತಿಯಿಂದ ತೇವ ಉಳಿಯುವುದರ ಜೊತೆಗೆ ಈ ಪೊಟ್ಯಾಷ್‌ನ ಒಂದು ಪಾಲು ನೆಲಕ್ಕೆ ಮರಳುತ್ತದೆ. ಸರಿಯಾಗಿ ಗೊಬ್ಬರ, ನೀರು ಕಂಡ ನಾಟಿ ಮರದ ಕಾಯಿ, ಸೊರಗಿದ ಗಿಡ್ಡ ತಳಿಯ ಕಾಯಿಗಿಂತ ಎಲ್ಲ ರೀತಿಯಲ್ಲೂ ಮೇಲಾಗಿರುತ್ತದೆ. ಸೋಡಿಯಂ ಅಂತೂ ತಳಿಗಿಂತ ಹೆಚ್ಚಾಗಿ ನೆಲ-ನೀರನ್ನೇ ಅವಲಂಬಿಸಿದೆ. ಬೇರೆ ಬೇರೆ ಪ್ರಕಟಿತ ಪಟ್ಟಿಗಳಲ್ಲಿ 100 ಮಿ.ಲೀ.ಗೆ ಕೆಲವೇ ಮಿ.ಗ್ರಾಂಗಳಿಂದ ಹಿಡಿದು ಅಮೆರಿಕದ ಕೃಷಿ ಇಲಾಖೆ ಕೊಡುವ 105 ಮಿ.ಗ್ರಾಂವರೆಗೂ ಅಂಕಿಗಳು ಸಿಗುತ್ತವೆ. ಎಳನೀರಿನ ಬೇರೆ ಯಾವ ಮುಖ್ಯ ಖನಿಜವೂ ಇಷ್ಟು ಬದಲಾಗುವುದಿಲ್ಲ.

ಹಾಗಾದರೆ ಗಾಡಿಯ ಮುಂದೆ ನಿಂತಾಗ ವಯಸ್ಸು ತಿಳಿಯುವುದು ಹೇಗೆ? ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಸದ್ದು ಬರದಿದ್ದರೆ ಅದು ಆರು-ಏಳು ತಿಂಗಳ ಒಳಗಿನದು, ಜೋರಾಗಿ ಕುಲುಕಿದರೆ ಬಲಿಯುತ್ತಾ ಬಂದಿದೆ. ಮಚ್ಚಿನ ತುದಿ ಕರಟಕ್ಕೆ ತಾಗಿದ ಕ್ಷಣದಲ್ಲಿ ನೀರು ಚಿಮ್ಮಿದರೆ ಒಳಗೆ ಗಾಳಿಗೆ ಜಾಗವಿಲ್ಲದಷ್ಟು ತುಂಬಿದೆ ಎಂದರ್ಥ. ನೀರು ಕುಡಿದ ಮೇಲೆ ಕಾಯಿಯನ್ನು ಒಡೆಸಿ ಗಂಜಿ ನೋಡುವುದು ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ಸಿಪ್ಪೆಯ ಚೂರಿನಿಂದ ಕೆರೆದಾಗ ಲೋಳೆಯಂತೆ, ಅರೆಪಾರದರ್ಶಕವಾಗಿ ಬಂದರೆ ಅದು ಏಳು ತಿಂಗಳ ಸುಮಾರಿನ ಕಾಯಿ. ಬೆಳ್ಳಗೆ, ಅಗಿಯುವಷ್ಟು ದಪ್ಪವಾಗಿದ್ದರೆ ಎಂಟು-ಒಂಬತ್ತು ತಿಂಗಳು ಕಳೆದಿದೆ. ಗಂಜಿ ಇರುವ ಕಾಯಿ ಬೇಕೆಂದು ಕೇಳುವವರು ತುಸು ಕಡಿಮೆ ಸಕ್ಕರೆಯ ನೀರನ್ನೂ ಗಂಜಿಯ ಮೂಲಕ ತುಸು ಕೊಬ್ಬನ್ನೂ ಪಡೆಯುತ್ತಾರೆ. ಬರಿ ನೀರಿನ ಕಾಯಿ ಕೇಳುವವರಿಗೆ ಹೆಚ್ಚು ಸಿಹಿ ಸಿಗುತ್ತದೆ.

ಮಗಳು ಹೇಳುವ ಥಾಯ್ಲೆಂಡಿನ ಕಾಯಿ ನಾಮ್ ಹೋಮ್ ಎಂಬ ಸುವಾಸನೆಯ ಹಸಿರು ಗಿಡ್ಡ ತಳಿ. ಅದರ ಪರಿಮಳಕ್ಕೆ ಕಾರಣವಾದ 2-ಅಸಿಟೈಲ್-1-ಪಿರೋಲಿನ್ ಎಂಬ ವಸ್ತುವೇ ಬಾಸ್ಮತಿ ಅಕ್ಕಿಗೂ ಆ ಘಮ ಕೊಡುವುದು. ವಿದೇಶದ ಅಂಗಡಿಗಳಲ್ಲಿ ಹೊರಸಿಪ್ಪೆ ಕೆತ್ತಿ, ಬೆಳ್ಳಗೆ, ಮೇಲೆ ಮೊನೆಯಾಗಿ ಕತ್ತರಿಸಿಟ್ಟಿರುವುದು ಹೆಚ್ಚಾಗಿ ಇದೇ. ಕೆತ್ತಿದ ಮೈ ಕಂದು ತಿರುಗದಿರಲೆಂದು ಅದನ್ನು ಸಾಮಾನ್ಯವಾಗಿ ಸಲ್ಫೈಟ್ ದ್ರಾವಣದಲ್ಲಿ ಅದ್ದಿರುತ್ತಾರೆ. ಆಸ್ತಮಾ ಇರುವವರಲ್ಲಿ ಕೆಲವರಿಗೆ ಸಲ್ಫೈಟ್ ಒಗ್ಗುವುದಿಲ್ಲವಾದ್ದರಿಂದ ಅಂಥವರು ಕಾಯಿಗೆ ಬಾಯಿಟ್ಟು ಕುಡಿಯದೆ ಹೊರಮೈ ತೊಳೆದು, ನೀರನ್ನು ಲೋಟಕ್ಕೆ ಬಗ್ಗಿಸಿಕೊಳ್ಳುವುದು ಒಳ್ಳೆಯದು. ಪರಿಮಳ, ಸಿಹಿಗಳಲ್ಲಿ ಅದು ಮೇಲು ಎಂಬ ಮಗಳ ಮಾತನ್ನು ಒಪ್ಪಬಹುದು, ಪೋಷಣೆಯಲ್ಲಿ ಮೇಲು ಎನ್ನಲು ಕಾರಣವಿಲ್ಲ. ಶ್ರೀಲಂಕಾದ ಕಿತ್ತಳೆ ಬಣ್ಣದ ತಂಬಿಲಿಗೂ ಇದೇ ಮಾತು ಅನ್ವಯಿಸುತ್ತದೆ. ಪೊಟ್ಟಣದ ಎಳನೀರು ಕೊಳ್ಳುವಾಗ ಮಾತ್ರ ಹಿಂಬದಿಯ ಪಟ್ಟಿಯನ್ನು ಓದಲೇಬೇಕು. ಕೆಲವು ಉತ್ಪನ್ನಗಳು ಕೊಬ್ಬರಿ ಪುಡಿ ಕಾರ್ಖಾನೆಗಳಲ್ಲಿ ಉಳಿಯುವ ಬಲಿತ ಕಾಯಿಯ ನೀರಿಗೆ ಸಕ್ಕರೆ ಬೆರೆಸಿ ತಯಾರಾದವು.

ಇನ್ನು ನಿಮ್ಮ ಪತ್ನಿಯವರ ವಿಷಯ. ತಳಿಯ ವ್ಯತ್ಯಾಸ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ಕೆಂದಾಳಿಯ 350 ಮಿ.ಲೀ. ನೀರಿನಲ್ಲಿ ಸುಮಾರು 24 ಗ್ರಾಂ ಸಕ್ಕರೆ ಇರುತ್ತದೆ. ಶೇ. 5ರ ಲೆಕ್ಕದಲ್ಲಿ ಅಷ್ಟೇ ನಾಟಿ ಎಳನೀರಿನಲ್ಲಿ 17–18 ಗ್ರಾಂ. ಅಂತರ ಒಂದೂವರೆ ಟೀ ಚಮಚ ಸಕ್ಕರೆಯಷ್ಟು. ಆದರೆ ನಾಟಿ ಕಾಯಿ ದೊಡ್ಡದಾಗಿ 450 ಮಿ.ಲೀ. ನೀರು ಬಂದರೆ ಅದರ ಸಕ್ಕರೆಯೂ 22 ಗ್ರಾಂ ದಾಟುತ್ತದೆ. ಆದ್ದರಿಂದ ಅವರು ಕಾಯಿಯ ಲೆಕ್ಕದಲ್ಲಿ ಕುಡಿಯಬಾರದು, ಲೋಟದ ಲೆಕ್ಕದಲ್ಲಿ ಕುಡಿಯಬೇಕು. 150 ಮಿ.ಲೀ.ನ ಒಂದು ಸಣ್ಣ ಲೋಟ, ಅದೂ ಗಂಜಿ ಕಟ್ಟಿದ ನಾಟಿ ಕಾಯಿಯದು, ಊಟಗಳ ನಡುವಿನ ಹೊತ್ತಿನಲ್ಲಿ, ಸಕ್ಕರೆ ಹತೋಟಿಯಲ್ಲಿರುವ ಹೆಚ್ಚಿನವರಿಗೆ ತೊಂದರೆ ಮಾಡದು. ಗ್ಲೂಕೋಮೀಟರ್ ಮನೆಯಲ್ಲಿದ್ದರೆ ಕುಡಿಯುವ ಮೊದಲು ಮತ್ತು ಎರಡು ಗಂಟೆಯ ನಂತರ ಒಮ್ಮೆ ನೋಡಿಕೊಂಡರೆ ಅವರ ದೇಹದ ಪ್ರತಿಕ್ರಿಯೆ ಸ್ಪಷ್ಟವಾಗುತ್ತದೆ. ಚಟ್ನಿಗೋ ಪೂಜೆಗೋ ಕಾಯಿ ಒಡೆದಾಗ ಸಿಗುವ ನೀರನ್ನು ನಾವು ಬಹಳ ಸಲ ಸಿಂಕಿಗೆ ಚೆಲ್ಲುತ್ತೇವೆ. ಶೇ. 2ರ ಸುಮಾರು ಸಕ್ಕರೆ, ಎಳನೀರಿಗೆ ಹತ್ತಿರದ ಪೊಟ್ಯಾಸಿಯಂ ಇರುವ ಆ ನೀರು ತಾಜಾ ಆಗಿದ್ದರೆ ಮಧುಮೇಹಿಗಳಿಗೆ ಕೆಂದಾಳಿಗಿಂತ ಚೆನ್ನಾದ ಆಯ್ಕೆ.

ಬೇಸಿಗೆಯಲ್ಲಿ ವಾಂತಿ-ಭೇದಿಯಾದಾಗ ಓಆರ್‌ಎಸ್ ಬದಲಿಗೆ ಎಳನೀರು ಸಾಕು ಎಂಬ ನಂಬಿಕೆ ವ್ಯಾಪಕವಾಗಿರುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ಭೇದಿಯಲ್ಲಿ ದೇಹ ಹೆಚ್ಚಾಗಿ ಕಳೆದುಕೊಳ್ಳುವುದು ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ 100 ಮಿ.ಲೀ.ಗೆ ಸುಮಾರು 170 ಮಿ.ಗ್ರಾಂ ಸೋಡಿಯಂ, 80 ಮಿ.ಗ್ರಾಂಗೆ ತುಸು ಕಡಿಮೆ ಪೊಟ್ಯಾಸಿಯಂ ಇರುತ್ತದೆ. ಎಳನೀರಿನಲ್ಲಿ ಈ ಅನುಪಾತ ತಲೆಕೆಳಗು, ಮತ್ತು ಯಾವ ತಳಿಯೂ ಅದನ್ನು ಸರಿಪಡಿಸುವುದಿಲ್ಲ. ಸಣ್ಣ ನಿತ್ರಾಣಕ್ಕೆ ಎಳನೀರು ಸರಿ. ಮಕ್ಕಳಿಗೆ, ವೃದ್ಧರಿಗೆ ಭೇದಿ ಹತ್ತಿದಾಗ ಓಆರ್‌ಎಸ್ ಪೊಟ್ಟಣವೇ ಬೇಕು.

ಕೊನೆಯದಾಗಿ ತಂದೆಯವರು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್‌ನಂತಹ ಮಾತ್ರೆಗಳು ಮತ್ತು ಸ್ಪೈರೊನೊಲ್ಯಾಕ್ಟೋನ್ ಎಂಬ ಮೂತ್ರವರ್ಧಕ ದೇಹದಿಂದ ಪೊಟ್ಯಾಸಿಯಂ ಹೊರಹೋಗುವುದನ್ನು ಕಡಿಮೆ ಮಾಡುತ್ತವೆ. ವಯಸ್ಸಾದಂತೆ ಮೂತ್ರಪಿಂಡದ ಸಾಮರ್ಥ್ಯವೂ ತಗ್ಗುತ್ತದೆ, ಹೊರಗೆ ಯಾವ ಲಕ್ಷಣವೂ ಕಾಣದೆಯೇ ತಗ್ಗಬಹುದು. ಎರಡು ಎಳನೀರು ಎಂದರೆ 600–700 ಮಿ.ಲೀ., ಅಂದರೆ 1,200ರಿಂದ 2,000 ಮಿ.ಗ್ರಾಂ ಪೊಟ್ಯಾಸಿಯಂ. ಇದು ಊಟದಿಂದ ಬರುವುದರ ಮೇಲೆ ಸೇರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಮೊದಲ ಪೆಟ್ಟು ಹೃದಯದ ಬಡಿತದ ಲಯಕ್ಕೆ, ಮತ್ತು ಅದು ಬಹಳ ಸಲ ಮುನ್ಸೂಚನೆ ಕೊಡದೆ ಆಗುತ್ತದೆ. ರಕ್ತದೊತ್ತಡಕ್ಕೆ ಎಳನೀರು ಒಳ್ಳೆಯದು ಎಂಬ ಮಾತು ಮೂತ್ರಪಿಂಡ ಸರಿಯಿದ್ದು ಇಂಥ ಮಾತ್ರೆ ತೆಗೆದುಕೊಳ್ಳದವರಿಗೆ ಹೊಂದುತ್ತದೆ. ಎಲ್ಲರಿಗೂ ಹೊಂದುವುದಿಲ್ಲ. ತಳಿ ಬದಲಾಯಿಸಿ ಈ ಅಪಾಯವನ್ನು ತಪ್ಪಿಸಲು ಸಾಧ್ಯವಿಲ್ಲ, ಏಕೆಂದರೆ ಮೇಲೆ ಹೇಳಿದಂತೆ ಪೊಟ್ಯಾಸಿಯಂ ಎಲ್ಲ ತಳಿಗಳಲ್ಲೂ ಹೆಚ್ಚೇ ಇದೆ. ಈ ವಾರವೇ ಅವರ ಸೀರಂ ಪೊಟ್ಯಾಸಿಯಂ ಮತ್ತು ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿ. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5.0ರ ನಡುವೆ ಇರಬೇಕು. ವರದಿಯನ್ನು ಅವರ ವೈದ್ಯರಿಗೆ ತೋರಿಸಿ, ದಿನಕ್ಕೆ ಎಷ್ಟು ಎಳನೀರು ಕುಡಿಯುತ್ತಿದ್ದಾರೆ ಎಂಬುದನ್ನು ಬಾಯಿಬಿಟ್ಟು ಹೇಳಿ, ಏಕೆಂದರೆ ವೈದ್ಯರು ಅದನ್ನು ತಾವಾಗಿ ಕೇಳದಿರಬಹುದು. ವೈದ್ಯರು ಪ್ರಮಾಣ ತಿಳಿಸುವವರೆಗೆ ಅವರಿಗೆ ಎಳನೀರು ಕೊಡುವುದನ್ನು ನಿಲ್ಲಿಸಿ, ಬಾಯಾರಿಕೆಗೆ ನೀರನ್ನೋ ತೆಳು ಮಜ್ಜಿಗೆಯನ್ನೋ ಕೊಡಿ. ಆದರೆ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.